ಉತ್ತರೆಯ ಪಾತ್ರ ಮತ್ತು ಮನೆತನದ ಮಾನ

ಕಳೆದ ವಾರ ರಾತ್ರಿ ಊಟ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ಅವನು ಸರಗೂರಿಗೆ ಸಮೀಪದ ಒಂದು ಹಳ್ಳಿಯವನು. ಹತ್ತಿ, ರಾಗಿ ಬೆಳೆದು ಸಂಸಾರ ತೂಗಿಸುತ್ತಿರುವ ಕೃಷಿಕ. ಅವರೂರಿನಲ್ಲಿ ಈ ಸಲದ ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕವನ್ನು ಕಟ್ಟುತ್ತಿದ್ದಾರೆ. ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳಿನಿಂದ ತಾಲೀಮು ನಡೆಸುತ್ತಿದ್ದಾರೆ. ಕೃಷ್ಣ, ದುರ್ಯೋಧನ, ಭೀಮ ಎಲ್ಲರೂ ಊರಿನವರೇ. ಸ್ತ್ರೀಪಾತ್ರಗಳಿಗೆ ಮಾತ್ರ ಎಂದಿನಂತೆ ಹೊರಗಿನಿಂದ ಕಲಾವಿದೆಯರನ್ನು ಗೊತ್ತು ಮಾಡಿದ್ದಾರೆ. ಅಷ್ಟರಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವ ಇವನ ಮಗಳು, ಉತ್ತರೆಯ ಪಾತ್ರವನ್ನು ತಾನು ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ.

“ಅವ್ಳು ಚೆನ್ನಾಗಿ ಹಾಡ್ತಾಳೆ ಸಾ, ಅದ್ರಲ್ಲೇನೂ ಅನುಮಾನ ಇಲ್ಲ. ಆದ್ರೆ ನಮ್ಮಪ್ಪ ಒಪ್ತಿಲ್ಲ. ಮನೆತನದ ಮಾನ ಹೋಯ್ತದೆ ಅಂತ ಊಟ ಬಿಟ್ಟು ಕುಂತವ್ರೆ. ನೀವು ಏನ್ ಹೇಳ್ತೀರೋ ಹಂಗೆ ಮಾಡ್ತೀನಿ” ಎಂದ.

ನಾನು ಆ ಕ್ಷಣದಲ್ಲಿ ಉತ್ತರ ಹೇಳಲಿಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆಂದೆ. ಈ ಪ್ರಶ್ನೆ ನನ್ನ ಮುಂದೆ ಬಂದುದು ಇದೇ ಮೊದಲ ಸಲವಲ್ಲ. ಹಿಂದೊಮ್ಮೆ ಬಂದಾಗ ನಾನು ಕೊಟ್ಟ ಉತ್ತರ ಸರಿಯಾಗಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಕಾವ್ಯ, ಸಂಗೀತ, ನಾಟಕಗಳ ಮೇಲೆ ನೀತಿಯ ಹೆಸರಿನಲ್ಲಿ ಬಂದ ಆಕ್ಷೇಪಗಳ ಕುರಿತು, ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಬೋಧಿಸಿದ ಮೇಷ್ಟ್ರಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯಬೇಕೆನಿಸಿದೆ.

ಈ ಆಕ್ಷೇಪ ಹೊಸದೇನಲ್ಲ. ಗ್ರೀಸಿನ ಪ್ಲೇಟೋ ತನ್ನ ಆದರ್ಶ ರಾಜ್ಯದಲ್ಲಿ ಕವಿಗಳನ್ನು ಸಂಶಯದಿಂದಲೇ ಕಂಡನು. ನಮ್ಮ ಕೌಟಿಲ್ಯನು ಹಳ್ಳಿಗಳಲ್ಲಿ ವಿನೋದದ ಶಾಲೆಗಳು ಇರಕೂಡದು, ನಟರು, ಗಾಯಕರು ಬಂದು ರೈತರ ಕೆಲಸಕ್ಕೆ ಅಡ್ಡಿ ಮಾಡಕೂಡದು ಎಂದು ವಿಧಿಸಿದನು. ನಟರನ್ನು ಶ್ರಾದ್ಧದ ಪಂಕ್ತಿಯಿಂದ ದೂರವಿಡಬೇಕೆಂದು ಸ್ಮೃತಿಕಾರರು ಹೇಳಿದರು. ನಾಟ್ಯಕ್ಕೆ ವೇದದ ಪದವಿಯನ್ನು ಕೊಟ್ಟ ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿಯೇ ಒಂದು ಕಥೆ ಇದೆ. ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಪ್ರಹಸನ ಆಡಿದರಂತೆ. ಸಿಟ್ಟಾದ ಋಷಿಗಳು, ನಿಮ್ಮ ಕುಲವೇ ಕೀಳಾಗಲಿ ಎಂದು ಶಪಿಸಿದರಂತೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಪ್ಪಿದ್ದುದು ಒಂದು ಪ್ರಹಸನದಲ್ಲಿ. ಶಾಪ ತಟ್ಟಿದುದು ಆಡಿದವರ ವಂಶಕ್ಕೆಲ್ಲ.

ಹರಿಹರ–ರಾಘವಾಂಕರ ಕಥೆಯನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಶಿವಶರಣರನ್ನು ಬಿಟ್ಟು ಹರಿಶ್ಚಂದ್ರನೆಂಬ ಮಾನವನನ್ನು ಕುರಿತು ಕಾವ್ಯ ಬರೆದನೆಂದು, ಗುರುವೂ ಸೋದರಮಾವನೂ ಆಗಿದ್ದ ಹರಿಹರನು ಕೋಪಗೊಂಡು ಪಾದುಕೆಯಿಂದ ಹೊಡೆದನಂತೆ. ರಾಘವಾಂಕನ ಹಲ್ಲುಗಳು ಉದುರಿದುವಂತೆ. ಆಮೇಲೆ ಶರಣರ ಚರಿತೆಗಳನ್ನು ಬರೆದು ಅವುಗಳನ್ನು ಮರಳಿ ಪಡೆದನಂತೆ. ಇದು ಐತಿಹ್ಯ. ಹಲ್ಲಿನ ಮಾತು ಬಂದಾಗ ಹಿಂದಿನ ಬೆಂಚಿನಿಂದ ನಗೆ ಏಳುತ್ತಿತ್ತು, ನಾನೂ ನಗುತ್ತಿದ್ದೆ. ಯಾವ ಕಾವ್ಯಕ್ಕಾಗಿ ಹಲ್ಲು ಹೋಯಿತೋ ಆ ‘ಹರಿಶ್ಚಂದ್ರಕಾವ್ಯ’ವೇ ಇಂದು ರಾಘವಾಂಕನನ್ನು ಎಲ್ಲರ ಬಾಯಲ್ಲಿ ಉಳಿಸಿದೆ. ಅದೇ ಹರಿಶ್ಚಂದ್ರನ ಕಥೆಯನ್ನು ಬಾಲ್ಯದಲ್ಲಿ ನಾಟಕವಾಗಿ ಕಂಡು ಗಾಂಧೀಜಿಯವರು ಸತ್ಯದ ಕಡೆಗೆ ಮನಸ್ಸು ತಿರುಗಿಸಿದರೆಂಬುದನ್ನು ಅವರ ಆತ್ಮಕಥೆಯಲ್ಲಿ ಓದಿದ್ದೇವೆ.

ಇಂಥ ಆಕ್ಷೇಪ ಇಡೀ ಸಮಾಜದ ಜಗಳವಾಗಿ ಬೆಳೆದುದನ್ನು ನೋಡಬೇಕಾದರೆ ಹದಿನಾರು, ಹದಿನೇಳನೆಯ ಶತಮಾನಗಳ ಇಂಗ್ಲೆಂಡಿಗೆ ಹೋಗಬೇಕು. 1579ರಲ್ಲಿ ಸ್ಟೀಫನ್ ಗಾಸನ್ ಎಂಬಾತ ಕವಿಗಳನ್ನೂ ಕೊಳಲೂದುವವರನ್ನೂ ನಟರನ್ನೂ ಒಟ್ಟಿಗೆ ಹಳಿದು ಪುಸ್ತಕ ಬರೆದನು. ಈತನೇ ಮೊದಲು ನಾಟಕಕಾರನಾಗಿದ್ದವನು! ಆ ಪುಸ್ತಕವನ್ನು ಸರ್ ಫಿಲಿಪ್ ಸಿಡ್ನಿಗೆ ಅರ್ಪಿಸಿದನು. ಸಿಡ್ನಿ ಕಾವ್ಯದ ಪರವಾಗಿ ಬರೆದ ಸಮರ್ಥನೆಯು ಅವನು ತೀರಿಕೊಂಡ ಮೇಲೆ, 1595ರಲ್ಲಿ ಅಚ್ಚಾಯಿತು. ಆಕ್ಷೇಪಿಸಿದವರ ಮಾತಿನಲ್ಲಿ ಕಾರಣಗಳಿದ್ದುವು. ಜನ ಗುಂಪುಗೂಡಿದರೆ ಪ್ಲೇಗು ಹರಡುತ್ತದೆ, ಕೆಲಸ ಕಲಿಯಬೇಕಾದ ಹುಡುಗರು ನಾಟಕದ ಮನೆಯಲ್ಲಿ ಹೊತ್ತು ಕಳೆಯುತ್ತಾರೆ, ಗಂಡು ಹೆಣ್ಣಿನ ಉಡುಪು ತೊಡುವುದು ಧರ್ಮಗ್ರಂಥಕ್ಕೆ ವಿರುದ್ಧ ಎನ್ನುತ್ತಿದ್ದರು. ಕೊನೆಗೆ 1642ರಲ್ಲಿ ಅಲ್ಲಿನ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸಿತು. 1660ರಲ್ಲಿ ದೊರೆತನ ಮರಳುವವರೆಗೆ ಅವು ತೆರೆಯಲಿಲ್ಲ. ಷೇಕ್ಸ್‌ಪಿಯರನ ನಾಡಿನಲ್ಲಿಯೇ ಹದಿನೆಂಟು ವರ್ಷ ಹೀಗೆ ಕಳೆಯಿತು.

ಆ ಕಾಲದ ಇನ್ನೊಂದು ಪ್ರಸಂಗ ನನ್ನ ಮಾತಿಗೆ ಹೆಚ್ಚು ಹತ್ತಿರವಾದುದು. ವಿಲಿಯಂ ಪ್ರಿನ್ ಎಂಬ ವಕೀಲ 1633ರಲ್ಲಿ ನಾಟಕಗಳನ್ನು ಖಂಡಿಸಿ ಸಾವಿರ ಪುಟಗಳನ್ನು ಮೀರಿದ ಗ್ರಂಥ ಪ್ರಕಟಿಸಿದನು. ಅದರಲ್ಲಿ ನಟಿಸುವ ಹೆಂಗಸರೆಲ್ಲ ಸೂಳೆಯರೆಂದು ಬರೆದಿದ್ದನು. ದೊರೆಯ ರಾಣಿಯೇ ಅರಮನೆಯ ನಾಟಕದಲ್ಲಿ ಪಾತ್ರ ವಹಿಸಿದ್ದುದರಿಂದ ಇದು ರಾಣಿಗೆ ಮಾಡಿದ ಅವಮಾನವೆಂದು ತೀರ್ಮಾನವಾಗಿ, 1634ರಲ್ಲಿ ಅವನ ಕಿವಿಗಳನ್ನು ಕತ್ತರಿಸಿದರು. ಶಿಕ್ಷೆ ಕ್ರೂರವಾದುದು, ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಅದೇ ಬೈಗುಳವನ್ನು ಯಾವಳೋ ಒಬ್ಬ ಬಡ ಹೆಂಗಸಿಗೆ ಅಂದಿದ್ದರೆ ಅದು ನೀತಿಬೋಧೆಯೆನಿಸಿಕೊಳ್ಳುತ್ತಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮೂರ ಪಕ್ಕದಲ್ಲಿ ಹರಿಯುವ ಕಪಿಲೆ ಮುಂದೆ ನಂಜನಗೂಡನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನಂಜನಗೂಡಿನಲ್ಲಿ 1878ರಲ್ಲಿ ದೇವದಾಸಿ ಮನೆತನದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಆಕೆಯೇ ಮುಂದೆ ಬೆಂಗಳೂರು ನಾಗರತ್ನಮ್ಮನೆಂದು ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಗಾಯಕಿ. ಸಂಗೀತದೊಂದಿಗೆ ಸಂಸ್ಕೃತ, ತೆಲುಗು ಸಾಹಿತ್ಯಗಳನ್ನೂ ಚೆನ್ನಾಗಿ ಓದಿಕೊಂಡಿದ್ದ ಈಕೆಯ ಕೈಗೆ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯ ಸಿಕ್ಕಿತು. ಅದನ್ನು ಬರೆದವಳು ಮುದ್ದುಪಳನಿ, ತಂಜಾವೂರಿನಲ್ಲಿ 1739ರಿಂದ 1763ರವರೆಗೆ ಆಳಿದ ಪ್ರತಾಪಸಿಂಹನ ಆಸ್ಥಾನದ ಗಣಿಕೆ. ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು, ಬಳಿಕ ವಿರಹದಿಂದ ಬೇಯುವ ರಾಧೆಯನ್ನು ಕೃಷ್ಣ ಸಂತೈಸುವುದು ಅದರ ವಸ್ತು. ಶೃಂಗಾರ ಧಾರಾಳವಾಗಿದೆ. ಹಾಗಿದ್ದೂ ಆ ಕಾಲದ ಆಸ್ಥಾನ ಅದನ್ನು ಕಾವ್ಯವೆಂದೇ ಸ್ವೀಕರಿಸಿತ್ತು.

ಆಕ್ಷೇಪ ಬಂದುದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಎತ್ತಿದವರು ಸಾಮಾನ್ಯರಲ್ಲ, ಕಂದುಕೂರಿ ವೀರೇಶಲಿಂಗಂ ಪಂತುಲು. ಜನರ ವಿರೋಧವನ್ನೆಲ್ಲ ಎದುರಿಸಿ 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ಮಾಡಿಸಿದ ಮಹನೀಯರು. ಅಂಥವರು ಕವಿಗಳ ಚರಿತ್ರೆ ಬರೆಯುವಾಗ, ಈ ಕಾವ್ಯದ ಹಲವು ಭಾಗಗಳು ಹೆಂಗಸರು ಕೇಳುವುದಕ್ಕೇ ತಕ್ಕವಲ್ಲ, ಹೆಂಗಸಿನ ಬಾಯಿಂದ ಬರುವುದಂತೂ ಸಲ್ಲದೆಂಬ ಅರ್ಥದ ಮಾತು ಬರೆದರು. ಹಿಂದಿನ ಅಚ್ಚಿನಲ್ಲಿ ಬಿಟ್ಟುಹೋದ ಭಾಗಗಳನ್ನು ಹಸ್ತಪ್ರತಿಯಿಂದ ಸೇರಿಸಿ ನಾಗರತ್ನಮ್ಮ 1910ರಲ್ಲಿ ಪೂರ್ಣ ಕಾವ್ಯವನ್ನು ಮದರಾಸಿನಲ್ಲಿ ಪ್ರಕಟಿಸಿದಳು. ನಾಚಿಕೆ ಹೆಂಗಸರಿಗೆ ಮಾತ್ರವೇ ಇರಬೇಕೆ, ಇದಕ್ಕಿಂತ ಹೆಚ್ಚಿನ ಶೃಂಗಾರವಿರುವ ಗಂಡಸರ ಕಾವ್ಯಗಳನ್ನು ಪಂತುಲು ಅವರೇ ಒಪ್ಪಿಲ್ಲವೆ ಎಂಬ ಆಶಯದ ಪ್ರಶ್ನೆಗಳನ್ನು ಅವಳು ಕೇಳಿದಳು. ಆ ಪ್ರಶ್ನೆಗೆ ಬಂದ ಉತ್ತರವೆಂದರೆ ಬ್ರಿಟಿಷ್ ಸರ್ಕಾರ 1911ರಲ್ಲಿ ಆ ಪುಸ್ತಕದ ಮೇಲೆ ಹೊರಡಿಸಿದ ನಿಷೇಧ. 1947ರಲ್ಲಿ ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಪ್ರಧಾನಿಯಾಗಿದ್ದಾಗ ಅದು ತೆರವಾಯಿತು.

ನಿಷೇಧಕ್ಕೆ ಸ್ವಲ್ಪ ಮೊದಲು, 1909ರಲ್ಲಿ, ನಮ್ಮ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ನಂಜನಗೂಡಿನ ದೇವಾಲಯದ ದೇವದಾಸಿಯರು ತಮ್ಮ ಸೇವೆಯನ್ನು ಉಳಿಸಿಕೊಡಬೇಕೆಂದು ಮನವಿ ಸಲ್ಲಿಸಿದರು, ಫಲವಾಗಲಿಲ್ಲ. ಇಲ್ಲಿ ನನ್ನ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವುದು ಘೋರವಾದ ಅನ್ಯಾಯ. ಕರ್ನಾಟಕದ 1982ರ ಕಾಯಿದೆ ಅದನ್ನು ಅಪರಾಧವೆಂದು ಸಾರಿದ್ದು ಸರಿಯಾದುದೇ. ಆದರೆ 1909ರ ಕ್ರಮದಲ್ಲಿ ಜೀವನಾಧಾರ ಹೋದುದು ಯಾರಿಗೆ? ಹಾಡು, ಕುಣಿತಗಳನ್ನು ಬಿಟ್ಟರೆ ಬೇರೆ ವೃತ್ತಿ ತಿಳಿಯದ ಆ ಹೆಂಗಸರಿಗೆ. ಅವರನ್ನು ಇಟ್ಟುಕೊಂಡಿದ್ದ ಧನಿಕರು ಮರುದಿನವೂ ಅದೇ ದೇವಾಲಯಕ್ಕೆ ಹೋಗಿ ಮಂಗಳಾರತಿ ತೆಗೆದುಕೊಂಡು ಬಂದರು. ಅವರನ್ನು ಅನೀತಿವಂತರೆಂದು ಹೊರಗಿಟ್ಟವರು ಯಾರು?

ನಾಗರತ್ನಮ್ಮನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಕೆ ತನ್ನ ಸಂಪಾದನೆಯನ್ನು ಸುರಿದು 1920ರ ದಶಕದಲ್ಲಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. 1927ರಿಂದ ಹೆಂಗಸರದೇ ಪ್ರತ್ಯೇಕ ಆರಾಧನೆ ನಡೆಸಿದಳು. 1940ರ ಸುಮಾರಿಗೆ ಎಲ್ಲ ಪಕ್ಷಗಳೂ ಒಂದಾದುವು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ತ್ಯಾಗರಾಜರ ಸನ್ನಿಧಿಯಲ್ಲಿಯೇ ಇದೆ.

ನಾಟಕದ ಚರಿತ್ರೆಯೂ ಇದೇ ಹಾದಿಯದು. ಮೈಸೂರಿನಲ್ಲಿ 1880ರ ದಶಕದಲ್ಲಿ ಚಾಮರಾಜೇಂದ್ರ ಒಡೆಯರು ನಾಟಕ ಮಂಡಳಿಗೆ ಆಶ್ರಯ ಕೊಟ್ಟರು, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಶಕುಂತಲೆಯಾಗಿ ಸೆರಗು ಹೊದ್ದವನು ಮಾತ್ರ ಗಂಡಸು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಲ್ಲಿ ಮುಂದೆ ವೀರಣ್ಣನವರು ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರಂಥ ನಟಿಯರು ಬೆಳಗಿದರು. ಟಿಕೆಟ್ಟು ಕೊಂಡು ಮುಂದಿನ ಸಾಲಿನಲ್ಲಿ ಕುಳಿತು ಕಣ್ಣೀರಿಟ್ಟವರು ಮನೆಗೆ ಬಂದ ಮೇಲೆ ನಟಿಯರನ್ನು ‘ನಾಟಕದವರು’ ಎಂದು ಮೂಗು ಮುರಿಯುವುದನ್ನು ಬಿಡಲಿಲ್ಲ. ಧಾರವಾಡದ ಕಡೆ ಬಾಲೆ ಗಂಗೂಬಾಯಿ ಹಾನಗಲ್ ಬೀದಿಯಲ್ಲಿ ನಡೆದು ಹೋಗುವಾಗ ‘ಗಾನೇವಾಲಿ’ ಎಂದು ಹಂಗಿಸುವವರಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಹಾಡುವ ಭಾಗ್ಯ ಆ ಬಾಲೆಗೆ ದೊರೆಯಿತು. ಹಾಡಿದ ಸಂತೋಷದ ನಡುವೆಯೂ, ಊಟಕ್ಕೆ ಬೇರೆ ಕೂರಿಸಿ ತನ್ನ ಎಲೆಯನ್ನು ತಾನೇ ಎತ್ತಲು ಹೇಳುವರೋ ಏನೋ ಎಂಬ ಅಂಜಿಕೆ ಅವರಿಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಹನ್ನೊಂದು ವರ್ಷದ ಮಗುವಿಗೆ ಆ ಅಂಜಿಕೆಯನ್ನು ಕಲಿಸಿದವರು ಯಾರು? ನಾವೇ ಅಲ್ಲವೆ, ನಮ್ಮಂಥ ಸಭ್ಯ ಗೃಹಸ್ಥರೇ ಅಲ್ಲವೆ?

ಹಾಗಾದರೆ ಆಕ್ಷೇಪಿಸುವವರೆಲ್ಲ ಮೂಢರೆಂದು ನಾನು ಹೇಳುತ್ತಿಲ್ಲ. ಕೌಟಿಲ್ಯನ ಚಿಂತೆ ಇಂದಿಗೂ ನಿಜವೇ. ಪಾತ್ರಕ್ಕೆಂದು, ಸೀನರಿಗೆಂದು, ಉಡುಪಿಗೆಂದು ಸಾಲ ಮಾಡಿ, ಸುಗ್ಗಿಯ ದುಡ್ಡನ್ನೆಲ್ಲ ಒಂದು ರಾತ್ರಿಗೆ ಸುರಿದ ಮನೆಗಳನ್ನು ನಾನು ಕಂಡಿದ್ದೇನೆ. ಜಾತ್ರೆಗಳಲ್ಲಿ ರೆಕಾರ್ಡ್ ಡ್ಯಾನ್ಸಿನ ಹೆಸರಿನಲ್ಲಿ ಬಡ ಹುಡುಗಿಯರನ್ನು ಕುಣಿಸಿ, ಕುಡಿದವರು ನೋಟು ಎಸೆಯುವುದನ್ನೂ ಕಂಡಿದ್ದೇನೆ. ಅದನ್ನು ನಿಲ್ಲಿಸಬೇಕೆನ್ನುವುದು ತಪ್ಪಲ್ಲ. ಆದರೆ ಅಲ್ಲಿಯೂ ಬೈಗುಳ ಕುಣಿದವಳಿಗೇ ಬೀಳುತ್ತದೆ. ಕರೆಸಿದವನಿಗೆ ಬೀಳುವುದಿಲ್ಲ, ನೋಟು ಎಸೆದವನಿಗೂ ಬೀಳುವುದಿಲ್ಲ. ಆದ್ದರಿಂದ ಇಂಥ ಆಕ್ಷೇಪ ಬಂದಾಗಲೆಲ್ಲ, ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ನೋಡಬೇಕು. ಪ್ರತಿಸಲವೂ ಒಬ್ಬರೇ ತೆರುತ್ತಿದ್ದರೆ, ಅದೂ ಎದುರು ಮಾತನಾಡಲಾರದವರೇ ತೆರುತ್ತಿದ್ದರೆ, ಆ ಆಕ್ಷೇಪ ನೀತಿಯದಲ್ಲ, ಅನುಕೂಲದ್ದು.

ಈಗ ನನ್ನ ತಪ್ಪಿಗೆ ಬರುತ್ತೇನೆ. 1993ರಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಹರಿಶ್ಚಂದ್ರನ ಸ್ಮಶಾನದ ದೃಶ್ಯವನ್ನು ಆಡಿಸಲು ನಿರ್ಧರಿಸಿದೆವು. ಚಂದ್ರಮತಿಯ ಪಾತ್ರಕ್ಕೆ ಹತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ನಾನೇ ಆರಿಸಿದ್ದೆ. ಪ್ರತಿದಿನ ಬೆಳಗಿನ ಪ್ರಾರ್ಥನೆಯನ್ನು ಹೇಳಿಕೊಡುತ್ತಿದ್ದವಳು ಅವಳೇ. ಅಂಥ ಕಂಠ ನನ್ನ ವೃತ್ತಿಜೀವನದಲ್ಲಿ ಮತ್ತೆ ಕೇಳಲಿಲ್ಲ. ನಾಲ್ಕು ದಿನ ತಾಲೀಮು ನಡೆಯುವಷ್ಟರಲ್ಲಿ ಅವಳ ಚಿಕ್ಕಪ್ಪನೂ ಊರಿನ ಇಬ್ಬರು ಹಿರಿಯರೂ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. “ನಾಳೆ ಮದ್ವೆ ಮಾಡ್ಬೇಕಾದ ಹೆಣ್ಣು ಮೇಷ್ಟ್ರೇ, ನೀವೂ ಮಕ್ಕಳೊಂದಿಗರು” ಎಂದರು.

ಅವರು ನನ್ನನ್ನು ಗದರಿಸಲಿಲ್ಲ. ಅವರು ಗದರಿಸಿದರೆಂದು ಹೇಳಿಕೊಳ್ಳಲು ನನಗೆ ಅವಕಾಶವೇ ಇಲ್ಲ. ಅವರ ಮಾತಿಗೆ ನಾನು ಮನಸ್ಸಿನೊಳಗೇ ತಲೆದೂಗಿದ್ದೆ. ಮರುದಿನ ಆ ಹುಡುಗಿಯನ್ನು ಕರೆದು, ಪರೀಕ್ಷೆ ಹತ್ತಿರ ಬಂತು, ಓದಿನ ಕಡೆ ಗಮನ ಕೊಡಮ್ಮ ಎಂದು ಸುಳ್ಳು ಹೇಳಿದೆ. ಅವಳಿಗೆ ನಿಜ ಗೊತ್ತಿತ್ತು. “ಆಗ್ಲಿ ಸಾರ್” ಎಂದಳು, ಅಷ್ಟೇ. ಚಂದ್ರಮತಿಯಾಗಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಸೀರೆ ಉಡಿಸಿದೆವು. ಲೋಹಿತಾಶ್ವನ ಶವದ ಮೇಲೆ ಬಿದ್ದು ಅಳುವಾಗ ಅವನ ಕೃತಕ ತುರುಬು ಕಳಚಿ ಬಿತ್ತು. ಸಭೆಯೆಲ್ಲ ನಕ್ಕು ಸಿಳ್ಳೆ ಹಾಕಿತು. ಆ ಹುಡುಗಿ ಹೆಣ್ಣುಮಕ್ಕಳ ಸಾಲಿನ ಕೊನೆಯಲ್ಲಿ ಕುಳಿತಿದ್ದಳು. ಅವಳು ನಗಲಿಲ್ಲ.

ಮರುದಿನದಿಂದ ಅವಳು ಪ್ರಾರ್ಥನೆ ಹೇಳಿಕೊಡುವುದನ್ನು ನಿಲ್ಲಿಸಿದಳು. ಕೇಳಿದರೆ “ಗಂಟ್ಲು ಕಟ್ಟಿದೆ ಸಾರ್” ಎನ್ನುತ್ತಿದ್ದಳು. ಶಾಲೆ ಬಿಡುವವರೆಗೂ ಆ ಗಂಟಲು ಬಿಡಲಿಲ್ಲ. ಕಾರಣ ನನಗೆ ತಿಳಿದಿತ್ತು. ಮತ್ತೆ ಕೇಳುವ ಧೈರ್ಯ ನನಗೇ ಆಗಲಿಲ್ಲ. ನೀತಿಯನ್ನು ಕಾಪಾಡಿದೆನೆಂದು ಅಂದು ನಾನು ತಿಳಿದಿದ್ದೆ. ಕಾಪಾಡಿದ್ದು ನನ್ನ ಹೆಸರನ್ನು ಮಾತ್ರ. ತಾಯೀ, ನೀನು ಇದನ್ನು ಓದುವೆಯೋ ಇಲ್ಲವೋ ಅರಿಯೆ. ಓದಿದರೆ, ಈ ಮೇಷ್ಟ್ರು ಅಂದು ನಿನಗೆ ಹೇಳಿದ್ದು ಸುಳ್ಳೆಂದು ಇಂದು ಒಪ್ಪಿಕೊಳ್ಳುತ್ತಿದ್ದಾನೆಂದು ತಿಳಿ.

ಎರಡು ದಿನಗಳ ಮೇಲೆ ನನ್ನ ವಿದ್ಯಾರ್ಥಿಗೆ ಹೀಗೆ ಹೇಳಿದೆ: “ಮಗಳಿಗೆ ಪಾತ್ರ ಮಾಡಲು ಬಿಡಪ್ಪ. ತಾಲೀಮಿಗೆ ನೀನೇ ಕರೆದುಕೊಂಡು ಹೋಗಿ ನೀನೇ ಕರೆದುಕೊಂಡು ಬಾ. ಮನೆತನದ ಮಾನ ಅವಳೊಬ್ಬಳ ಸೆರಗಿನಲ್ಲಿ ಕಟ್ಟಿಟ್ಟ ಗಂಟಲ್ಲ. ದುರ್ಯೋಧನನ ಪಾತ್ರ ಮಾಡುವ ನಿಮ್ಮಣ್ಣನಿಂದ ಹೋಗದ ಮಾನ ಉತ್ತರೆಯಿಂದ ಹೋಗುವುದು ಹೇಗೆ?”

ಇನ್ನೊಂದು ಮಾತನ್ನೂ ಹೇಳಿದೆ. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಬರುವ ಆ ಹೆಣ್ಣುಮಗಳಿಗೆ ಬಣ್ಣ ಹಚ್ಚಿಕೊಳ್ಳಲು ಬಾಗಿಲಿರುವ ಒಂದು ಕೋಣೆ ಕೊಡಿ, ಊರಿನ ಕಲಾವಿದರ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿ, ಬೆಳಗಿನ ಜಾವ ಬಸ್ಸು ಹತ್ತುವವರೆಗೆ ಯಾರಾದರೂ ಜೊತೆಗಿದ್ದು ಕಳುಹಿಸಿ ಎಂದೆ. ನಿನ್ನ ಮಗಳ ಮಾನದಷ್ಟೇ ಆಕೆಯ ಮಾನವೂ ದೊಡ್ಡದು. ಆಕೆಗೆ ಆ ಮರ್ಯಾದೆ ಕೊಡದೆ ನಮ್ಮ ಮಗಳನ್ನು ಮಾತ್ರ ರಂಗಕ್ಕೆ ಹತ್ತಿಸಿದರೆ, ರಾಣಿಗೊಂದು ನ್ಯಾಯ ಬಡವಿಗೊಂದು ನ್ಯಾಯ ಎಂದ ಹಾಗೆಯೇ ಆಗುತ್ತದೆ.

ಅವನು ಒಪ್ಪಿದ. ಅವನ ತಂದೆ ಇನ್ನೂ ಒಪ್ಪಿಲ್ಲ. ಅವರದು ಹೆಚ್ಚುಕಡಿಮೆ ನನ್ನದೇ ವಯಸ್ಸು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಅವರೂರಿಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಮೂವತ್ತು ವರ್ಷಗಳ ಹಿಂದೆ ನಮ್ಮ ಜಗಲಿಯಲ್ಲಿ ಕುಳಿತಿದ್ದ ಆ ಮೂವರಿಗೆ ಹೇಳಬೇಕಾಗಿದ್ದ ಮಾತನ್ನು, ಈ ಸಲವಾದರೂ ಅವರ ಜಗಲಿಯಲ್ಲಿ ಕುಳಿತು ಹೇಳಿ ಬರುತ್ತೇನೆ.